ಕುರಿ ಬರಡೋ, ಟಗರಿನ ಕೊರತೆಯೋ?

ಪ್ರಶ್ನೆ: ನನ್ನ ಹತ್ತಿರ 40 ಕುರಿ, ಒಂದು ಟಗರು ಇವೆ. ನಾಲ್ಕು ವರ್ಷದಿಂದ ಅದೇ ಟಗರು. ಮೇ ಕೊನೆಯಲ್ಲಿ ಮಂದೆಗೆ ಬಿಟ್ಟೆ. ಈ ಸಲ 15 ಕುರಿ ಮಾತ್ರ ಗಬ್ಬ ಕಟ್ಟಿವೆ. ಉಳಿದ ಬರಡು ಕುರಿಗಳನ್ನು ಸಂತೆಗೆ ಹೊಡೆದುಬಿಡಲಾ?
– ಓದುಗರು, ಚಳ್ಳಕೆರೆ ತಾಲ್ಲೂಕು

ಉತ್ತರ: ದಯವಿಟ್ಟು ಹೊಡೆಯಬೇಡಿ. 25 ಕುರಿ ಒಂದೇ ಸಲ ಬರಡಾಗುವುದು ತುಂಬಾ ಅಪರೂಪ. ನನ್ನ ಅನುಮಾನ ಟಗರಿನ ಮೇಲೆ.

ಹಿರಿಯೂರು ಕಡೆ ಪಶುವೈದ್ಯೆಯಾಗಿ ಸೇರಿದ ಹೊಸತರಲ್ಲಿ ಒಬ್ಬ ಅಜ್ಜನಿಗೆ "ಈ ಹನ್ನೆರಡು ಬರಡು, ಮಾರಿಬಿಡಿ" ಅಂತ ನಾನೇ ಹೇಳಿದ್ದೆ. ಏಳೆಂಟು ತಿಂಗಳ ಮೇಲೆ ಪಕ್ಕದೂರಿನ ಹಟ್ಟಿಗೆ ಹೋದೆ. ಅವೇ ಕುರಿಗಳು ಅಲ್ಲಿದ್ದವು, ಕಿವಿಯ ಗುರುತಿನಿಂದ ಗೊತ್ತಾಯಿತು. ಅವುಗಳಲ್ಲಿ ಒಂಬತ್ತು ಮರಿ ಹಾಕಿದ್ದವು. ಅಜ್ಜ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಅದು ಇವತ್ತಿಗೂ ನೋಯುತ್ತದೆ. ಆಮೇಲೆ ಟಗರನ್ನು ಮುಟ್ಟಿ ನೋಡದೆ ಕುರಿಯನ್ನು ಬರಡು ಅಂದಿಲ್ಲ.

ಒಂದು ಟಗರಿಗೆ 25ರಿಂದ 30 ಕುರಿ ಸಾಕು. ನಿಮ್ಮದಕ್ಕೆ 40 ಜಾಸ್ತಿಯಾಯಿತು. ಇನ್ನೊಂದು ಮಾತಿದೆ. ಟಗರಿನಲ್ಲಿ ವೀರ್ಯಾಣು ತಯಾರಾಗಲು ಸುಮಾರು ಏಳು ವಾರ ಬೇಕು. ಏಪ್ರಿಲ್ ಬಿಸಿಲಿಗೆ ಬೆಂದ ಟಗರು ಮೇ ಕೊನೆಯಲ್ಲಿ ನೋಡಲು ಚೆನ್ನಾಗಿಯೇ ಇರುತ್ತದೆ, ಕುರಿಗಳನ್ನು ಹತ್ತುತ್ತದೆ, ಆದರೆ ಗಬ್ಬ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಅದಕ್ಕೆ ನೆರಳು, ನೀರು ತಪ್ಪಬಾರದು. ಬೀಜವನ್ನು ಕೈಯಲ್ಲಿ ಹಿಡಿದು ನೋಡಿ. ಎರಡೂ ಒಂದೇ ಗಾತ್ರ ಇರಬೇಕು, ಬಿಗಿಯಾಗಿರಬೇಕು. ಮೆತ್ತಗಿದ್ದರೆ ಅಥವಾ ಗಂಟು ಸಿಕ್ಕಿದರೆ ವೈದ್ಯರಿಗೆ ತೋರಿಸಿ.

ಈಗ ಖರ್ಚಿಲ್ಲದ ಒಂದು ಪರೀಕ್ಷೆ. ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಟಗರಿನ ಎದೆಗೆ ಬಳಿಯಿರಿ. ಎರಡು ದಿನಕ್ಕೊಮ್ಮೆ ಮತ್ತೆ ಬಳಿಯಬೇಕು. ಅದು ಹತ್ತಿದ ಕುರಿಯ ಹಿಂಭಾಗಕ್ಕೆ ಕೆಂಪು ಮೆತ್ತಿಕೊಳ್ಳುತ್ತದೆ. ಕುರಿ ಬೆದೆಗೆ ಬರುವುದು 16-17 ದಿನಕ್ಕೊಮ್ಮೆ ಅಲ್ವಾ? ಹಾಗಾಗಿ ಅಷ್ಟು ದಿನವಾದ ಮೇಲೆ ಬಣ್ಣ ಬದಲಿಸಿ, ನೀಲಿ ಹಚ್ಚಿ. ಕೆಂಪಿನ ಮೇಲೆ ನೀಲಿ ಬಿದ್ದರೆ ಆ ಕುರಿ ಗಬ್ಬ ಕಟ್ಟಿಲ್ಲ ಅಂತ ತಿಳಿಯಿರಿ. ಮಂದೆಯ ಬಹುಪಾಲು ಹೀಗಾದರೆ ತೊಂದರೆ ಟಗರಿನದು. ಎರಡು ಮೂರಕ್ಕೆ ಮಾತ್ರ ಆದರೆ ಆ ಕುರಿಗಳನ್ನು ನೋಡಬೇಕು. ಯಾವ ಬಣ್ಣವೂ ಇಲ್ಲದ ಕುರಿ ಬೆದೆಗೇ ಬಂದಿರಲಿಕ್ಕಿಲ್ಲ. ಅಂಥವು ಸಾಮಾನ್ಯವಾಗಿ ಬಡಕಲು. ಟಗರು ಬಿಡುವ ಎರಡು ಮೂರು ವಾರ ಮೊದಲೇ ಅವಕ್ಕೆ ದಿನಕ್ಕೆ ಕಾಲು ಕೆಜಿಯಷ್ಟು ಜೋಳದ ನುಚ್ಚೋ ಬೇಯಿಸಿದ ಹುರುಳಿಯೋ ಕೊಡಿ. ಒಂದೇ ದಿನ ಅಷ್ಟೂ ಸುರಿಯಬೇಡಿ, ಹೊಟ್ಟೆ ಕೆಡುತ್ತದೆ. ಸ್ವಲ್ಪದಿಂದ ಶುರು ಮಾಡಿ.

ಟಗರು ಚೆನ್ನಾಗಿದ್ದರೂ ಬದಲಿಸಿ. ನಾಲ್ಕು ವರ್ಷ ಅಂದರೆ ಈಗ ಅದು ತನ್ನ ಮಕ್ಕಳು, ಮೊಮ್ಮಕ್ಕಳ ಮೇಲೇ ಹೋಗುತ್ತಿರುತ್ತದೆ. ಮರಿಗಳು ಸೊರಗುವುದು ಅಲ್ಲಿಂದಲೇ. ಎರಡು ವರ್ಷಕ್ಕೊಮ್ಮೆ ದೂರದ ಮಂದೆಯವರ ಜೊತೆ ಅದಲು ಬದಲು ಮಾಡಿಕೊಂಡರೂ ಆಯಿತು.

ಪ್ರಶ್ನೆ: ನಮ್ಮ ಬೋಳು ಮೇಕೆಗೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಮರಿ ಹುಟ್ಟಿದೆ. ಮನೆಗೆ ಕೇಡು ಅನ್ನುತ್ತಾರೆ. ಹೌದಾ?
– ಓದುಗರು, ಸಿರಾ

ಉತ್ತರ: ಕೇಡೂ ಇಲ್ಲ, ಶಾಪವೂ ಇಲ್ಲ. ನಿಮ್ಮ ಹೋತಕ್ಕೂ ಹುಟ್ಟಿನಿಂದಲೇ ಕೊಂಬಿಲ್ಲವಾ, ನೋಡಿ. ಮೇಕೆಯಲ್ಲಿ ಕೊಂಬು ಬಾರದಂತೆ ಮಾಡುವ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ, ಹೆಣ್ಣಾಗಬೇಕಿದ್ದ ಮರಿ ಅರ್ಧ ಗಂಡಿನಂತೆ ಬೆಳೆಯುತ್ತದೆ. ಅದು ಮುಂದೆ ಮರಿ ಹಾಕುವುದಿಲ್ಲ. ಆದರೆ ಅದನ್ನು ಎಲ್ಲ ಮೇಕೆಯಂತೆ ಮೇಯಿಸಬಹುದು, ಸುಮ್ನೆ ಹೊಡೆದು ಓಡಿಸಬೇಡಿ. ಮುಂದಿನ ಸಲ ಬೋಳು ಮೇಕೆಗೆ ಕೊಂಬಿರುವ ಹೋತವನ್ನೇ ಬಿಡಿ. ಕುರಿಯಲ್ಲಿ ಈ ಭಯ ಇಲ್ಲ. ನಮ್ಮ ಬಂಡೂರು ತಳಿಯಲ್ಲಿ ಟಗರಿಗೂ ಕೊಂಬಿರುವುದಿಲ್ಲ.

ಪ್ರಶ್ನೆ: ಟಗರು ಮೇಕೆಯನ್ನು ಹತ್ತಿತು. ಮರಿ ಆಗುತ್ತಾ?
– ಓದುಗರು, ಕೊಪ್ಪಳ

ಉತ್ತರ: ತಂದೆ ತಾಯಿಯ ಗುಣಗಳನ್ನು ಮರಿಗೆ ಸಾಗಿಸುವ ಎಳೆಗಳು, ಅಂದರೆ ವರ್ಣತಂತುಗಳು, ಕುರಿಗೆ 54, ಮೇಕೆಗೆ 60. ಇವು ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ. ಗಬ್ಬ ನಿಂತರೂ ಬಹುತೇಕ ಮೊದಲ ತಿಂಗಳುಗಳಲ್ಲೇ ಹೋಗಿಬಿಡುತ್ತದೆ. ಮೇಕೆ 21 ದಿನದ ಸುಮಾರಿಗೆ ಮತ್ತೆ ಬೆದೆಗೆ ಬಂದರೆ ಒಳ್ಳೆಯ ಹೋತವನ್ನು ಬಿಡಿ.