ಪಬ್‌ನಲ್ಲಿ ಅರ್ಧ ಗಂಟೆ ಕೂತರೂ ಯಾರೂ ಕೇಳಲಿಲ್ಲ: ಪ್ರತಿಕ್ರಿಯೆ

ಇಂಗ್ಲೆಂಡಿನ ಯಾರ್ಕ್‌ನ ಹಳೇ ಪಬ್‌ನಲ್ಲಿ ಅರ್ಧ ಗಂಟೆ ಕಾದರೂ ಆರ್ಡರ್ ತಗೊಳ್ಳೋಕೆ ಯಾರೂ ಬರಲಿಲ್ಲ ಅಂದ್ರೆ, ಬಹುಶಃ ಅಲ್ಲಿ ಟೇಬಲ್ ಹತ್ತಿರ ಬರೋ ಪದ್ಧತಿಯೇ ಇಲ್ಲ. ನಿಮ್ಮನ್ನೇನೂ ಕಡೆಗಣಿಸಿದ್ದಲ್ಲ, ಬೇಜಾರು ಬಿಡಿ.

ಮೊದಲು ಜಾಗ ಹಿಡಿದು ಟೇಬಲ್ ನಂಬರ್ ನೋಡ್ಕೊಳ್ಳಿ, ಊಟ ಹೇಳುವಾಗ ಕೇಳ್ತಾರೆ. ಆಮೇಲೆ ಒಬ್ಬರು ಬಾರ್ ಕೌಂಟರ್‌ಗೆ ಹೋಗಿ. ಕ್ಯೂ ಕಾಣಿಸಲ್ಲ, ಆದರೆ ಯಾರು ಮೊದಲು ಬಂದರು ಅನ್ನೋದು ಕೌಂಟರ್ ಒಳಗಿರೋರಿಗೆ ನೆನಪಿರುತ್ತೆ. ಕೈ ಬೀಸೋದು, ನೋಟು ಆಡಿಸೋದು ಮಾತ್ರ ಬೇಡ. ನಿಮಗಿಂತ ಮುಂಚೆ ಬಂದವರಿದ್ದರೆ ‘ಅವರು ಮೊದಲು’ ಅನ್ನಿ, ಅಲ್ಲಿ ಇದಕ್ಕೆ ಭಾರೀ ಬೆಲೆ.

ಉದ್ದ ಹಿಡಿಕೆ ಎಳೆದು ಗ್ಲಾಸಿಗೆ ಬಿಡೋದು ಕಾಸ್ಕ್ ಏಲ್, ಅಂದ್ರೆ ಪೀಪಾಯಿಯಲ್ಲೇ ಹದವಾಗೋ ಬಿಯರ್. ಸುಮಾರು 12 ಡಿಗ್ರಿ ಸೆಲ್ಸಿಯಸ್ ಅಷ್ಟೇ ತಂಪಿರುತ್ತೆ, ಗ್ಯಾಸೂ ಕಮ್ಮಿ. ಕೆಟ್ಟಿದೆ ಅನ್ಕೋಬೇಡಿ. ರುಚಿ ನೋಡೋಕೆ ಕೇಳಿದರೆ ಸಾಮಾನ್ಯವಾಗಿ ಒಂದು ಗುಟುಕು ಕೊಡ್ತಾರೆ. ಪೈಂಟ್ ಅಂದ್ರೆ 568 ಎಂಎಲ್, ಜಾಸ್ತಿಯಾದರೆ ಹಾಫ್ (ಅರ್ಧ ಪೈಂಟ್) ಹೇಳಿ. ಕುಡಿಯದವರಿಗೆ ಲೈಮ್ ಸೋಡಾ ಸಿಗುತ್ತೆ. ದುಡ್ಡು ಸಾಮಾನ್ಯವಾಗಿ ಕೌಂಟರ್‌ನಲ್ಲೇ ಕೊಡಬೇಕು. ಡ್ರಿಂಕ್ಸ್‌ಗೆ ಟಿಪ್ಸ್ ಬೇಕಿಲ್ಲ.

ಗ್ಯಾಸ್ಟ್ರೋಪಬ್ (ಊಟಕ್ಕೇ ಹೆಚ್ಚು ಒತ್ತು ಕೊಡೋ ಪಬ್) ಆಗಿದ್ದರೆ ಟೇಬಲ್‌ಗೇ ಬರಲೂಬಹುದು. ಅನುಮಾನ ಇದ್ದರೆ ಒಳಗೆ ಹೋದ ಕೂಡಲೇ ಕೇಳಿಬಿಡಿ. ಅಡುಗೆಮನೆ ಸಾಮಾನ್ಯವಾಗಿ ಪಬ್‌ಗಿಂತ ಮುಂಚೆ ಮುಚ್ಚುತ್ತೆ, ಊಟ ಬೇಕಿದ್ದರೆ ಮೊದಲೇ ಹೇಳಿ.