ಮನೆಯ ಕಂಪ್ಯೂಟರಿಗೆ ಹಣ ಕೊಟ್ಟು ಆಂಟಿವೈರಸ್ ಕೊಳ್ಳಬೇಕೇ, ವಿಂಡೋಸಿನಲ್ಲಿರುವುದೇ ಸಾಕೇ?

ವಿಂಡೋಸ್ 11 ಇದ್ದರೆ ಅದರೊಳಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಬಹುತೇಕ ಮನೆಗಳಿಗೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹೊಸ ವೈರಸ್‌ಗಳನ್ನು ಗುರುತಿಸಲು ಅದು ಬಹುಮಟ್ಟಿಗೆ ಇಂಟರ್ನೆಟ್ಟನ್ನೇ ನೆಚ್ಚಿಕೊಂಡಿರುವುದರಿಂದ, ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಕೈಕೊಡುವ ಮೂಡಿಗೆರೆ, ಸಕಲೇಶಪುರದ ಕಡೆಯವರು ಸಂಪರ್ಕ ಮರಳಿದ ಕೂಡಲೇ, ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವನ್ನು ಹಾಕುವುದಕ್ಕೆ ಮೊದಲೇ, ‘ವಿಂಡೋಸ್ ಸೆಕ್ಯುರಿಟಿ’ ತೆರೆದು ಅಪ್‌ಡೇಟ್ ಮಾಡಿಕೊಳ್ಳಬೇಕು. ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿಯೇ ತೆರೆಯಬೇಕು.

ಬೇರೆ ಕಂಪನಿಯ ಆಂಟಿವೈರಸ್ ಹಾಕಿದರೆ ಡಿಫೆಂಡರ್ ಸಾಮಾನ್ಯವಾಗಿ ತಾನಾಗಿಯೇ ಹಿಂದೆ ಸರಿಯುತ್ತದೆ. ಆದ್ದರಿಂದ ಲ್ಯಾಪ್‌ಟಾಪಿನೊಂದಿಗೆ ಬಂದ ಆಂಟಿವೈರಸ್ಸಿನ ಟ್ರಯಲ್ ಅವಧಿ ಮುಗಿದಾಗ ಅದನ್ನು ಹಾಗೆಯೇ ಬಿಡದೆ, ನವೀಕರಿಸಿ ಇಲ್ಲವೇ ಪೂರ್ತಿಯಾಗಿ ಅನ್‌ಇನ್‌ಸ್ಟಾಲ್ ಮಾಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಮೈಕ್ರೋಸಾಫ್ಟ್ ಎಂದಿನಂತೆ ಕಳಿಸುತ್ತಿದ್ದ ಭದ್ರತಾ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುತ್ತಿರುವವರು ಆಂಟಿವೈರಸ್ ಕೊಳ್ಳುವ ಯೋಚನೆಗಿಂತ ಮೊದಲು ವಿಂಡೋಸ್ 11ಕ್ಕೆ ಬದಲಾಗುವುದನ್ನು ನೋಡಬೇಕು.