ಅಗಲವಾದ ರಸ್ತೆ ಸುರಕ್ಷಿತವೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯ ರಸ್ತೆ ಅಗಲವಾದ ಮೇಲೆ ಅದನ್ನು ದಾಟುವುದೇ ಭಯವಾಗಿದೆ. ಅಗಲವಾದಷ್ಟೂ ಸುರಕ್ಷತೆ ಹೆಚ್ಚಬೇಕಲ್ಲವೇ?

ಉತ್ತರ: ಹೆದ್ದಾರಿಯ ಲೆಕ್ಕ ಊರೊಳಗೆ ನಡೆಯುವುದಿಲ್ಲ. ಲೇನ್ ಅಗಲವಾಗಿ, ತಿರುವು ಸಲೀಸಾದಾಗ ಚಾಲಕರಿಗೆ ಅರಿವಿಲ್ಲದೆಯೇ ವೇಗ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ವಾಹನದ ಚಲನಶಕ್ತಿ 30 ಕಿ.ಮೀ. ವೇಗದಲ್ಲಿದ್ದುದಕ್ಕಿಂತ ನಾಲ್ಕು ಪಟ್ಟು ಹೆಚ್ಚಿರುವುದರಿಂದ, ಅದು ಬಡಿದಾಗ ಪಾದಚಾರಿ ಬದುಕುಳಿಯುವ ಸಾಧ್ಯತೆ ತೀರ ಕುಗ್ಗುತ್ತದೆ. ದಾಟುವವರು ರಸ್ತೆಯ ಮೇಲೆ ಹೆಚ್ಚು ಹೊತ್ತು ಇರಬೇಕಾಗುವುದಂತೂ ಸರಿಯೇ.

ಪಾದಚಾರಿ ಮಾರ್ಗದ ವಿಷಯವನ್ನು ನಾನು ಇನ್ನೂ ಗಂಭೀರವಾಗಿ ಪರಿಗಣಿಸುತ್ತೇನೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಅದರಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಜಾಗವಿರಬೇಕು, ಅಂಚುಗಲ್ಲು 150 ಮಿ.ಮೀ. ಮೀರಬಾರದು. ಮಂಡಿನೋವಿನ ಅಜ್ಜಿಯೊಬ್ಬರು ತರಕಾರಿ ಚೀಲ ಹಿಡಿದು ಮೊಣಕಾಲೆತ್ತರದ ಕಟ್ಟೆ ಹತ್ತಲಾರದೆ, ಟ್ರಾನ್ಸ್‌ಫಾರ್ಮರ್ ಸುತ್ತಿಕೊಂಡು ಬಸ್ಸುಗಳ ನಡುವೆ ಇಳಿದರೆ ತಪ್ಪು ಅವರದಲ್ಲ, ವಿನ್ಯಾಸದ್ದು. ಬೆಂಗಳೂರಿನಲ್ಲೇ ಟೆಂಡರ್‌ಶೂರ್ ಎಂಬ ರಸ್ತೆ ಮರುವಿನ್ಯಾಸ ಯೋಜನೆಯಡಿ ರೆಸಿಡೆನ್ಸಿ ರಸ್ತೆಯಂಥ ಕಡೆ ಲೇನ್‌ಗಳ ಅಗಲವನ್ನು ಏಕರೂಪಗೊಳಿಸಿ, ಕೇಬಲ್ಲು, ಕೊಳವೆಗಳನ್ನು ವಿಶಾಲವಾದ ಪಾದಚಾರಿ ಮಾರ್ಗದಡಿ ಹಾಕಲಾಗಿದೆ. ನಿಮ್ಮ ರಸ್ತೆಗೆ ನಡುವೆ ನಿಂತು ದಾಟಲು ತಂಗುಜಾಗ, ಪಾದಚಾರಿ ಮಾರ್ಗದ ಮಟ್ಟಕ್ಕೇ ಎತ್ತರಿಸಿದ ದಾಟುಪಟ್ಟಿ, ಇವೆರಡನ್ನು ಲಿಖಿತವಾಗಿ ಕೇಳಿ.